ಕುನ್‌ಮಿಂಗಿನಿಂದ ಬಂದ ಫೋಟೋ

ಗಲ್ಫಿನಲ್ಲಿ ನಮ್ಮ ರಿಫಾ ಕ್ಯಾಂಪಿನ ಅಡುಗೆಯ ಆಂತೋನಿಯಣ್ಣನಿಗೆ ಸೆಕೆ ಏರಿದಷ್ಟೂ ಚೀನಾ ನೆನಪಾಗುವುದು. ಜುಲೈಯಲ್ಲಿ ನಲ್ಲಿ ನೀರಿಗೆ ಕೈ ಒಡ್ಡಿದರೆ ಸುಡುವಾಗ, ಇವರದ್ದು ಮೀನು ಕೊಯ್ಯುತ್ತಾ ಶುರು: "ಲೋಕಯ್ಯಾ, ಕುನ್‌ಮಿಂಗ್ ಅಂದರೆ ಎಂತಹ ಊರು ಗೊತ್ತುಂಟಾ? ಆರು ಸಾವಿರ ಅಡಿ ಎತ್ತರ. ಪಶ್ಚಿಮಕ್ಕೆ ಗುಡ್ಡ, ದಕ್ಷಿಣಕ್ಕೆ ಸಮುದ್ರದ ಹಾಗಿನ ಕೆರೆ. ಸೆಕೆ ಇಲ್ಲ, ಚಳಿ ಇಲ್ಲ, ಜನವರಿಯಲ್ಲೂ ಹೂ! ಜನಕ್ಕೆ ಅವಸರವೇ ಇಲ್ಲ ಮಾರಾಯ. ಬೆಳಿಗ್ಗೆ ಚಾದ ಅಂಗಡಿಯಲ್ಲಿ ಕೂತವರು ಮಧ್ಯಾಹ್ನ ಏಳುವುದು, ಅದೂ ಅಕ್ಕಿ ಶ್ಯಾವಿಗೆಯ ಸಾರು ಕುಡಿಯಲಿಕ್ಕೆ."

ನಾನು ಎ.ಸಿ. ಮೆಕ್ಯಾನಿಕ್. "ಅಲ್ಲಿ ನನ್ನ ಹೊಟ್ಟೆ ತುಂಬಲಿಕ್ಕಿಲ್ಲ ಬಿಡಿ" ಎಂದು ನಗುತ್ತಿದ್ದೆ. ಎಂಬತ್ತೆರಡನೇ ಇಸವಿಯಲ್ಲಿ ಒಂದು ದಿನ ಅವರು ನಗಲಿಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ, ಇಪ್ಪತ್ತೆರಡರ ಪ್ರಾಯದಲ್ಲಿ, ಅಮೆರಿಕದ ವಿಮಾನದವರ ಅಡುಗೆಗೆಂದು ಅಲ್ಲಿಗೆ ಹೋಗಿದ್ದರಂತೆ. ಶ್ಯಾವಿಗೆ ಅಂಗಡಿಯ ಹುಡುಗಿ ಇವರಿಂದ ಆರು ತಿಂಗಳ ಬಸುರಿ. ಯುದ್ಧ ಮುಗಿಯಿತು, ಇವರನ್ನು ವಿಮಾನ ಹತ್ತಿಸಿಬಿಟ್ಟರು. "ಹುಟ್ಟಿದ್ದು ಗಂಡೋ ಹೆಣ್ಣೋ, ಅಷ್ಟಾದರೂ ಗೊತ್ತಾಗಬೇಕು ಲೋಕಯ್ಯಾ, ಕಣ್ಣು ಮುಚ್ಚುವ ಮೊದಲು."

ಆ ಅಂಗಡಿಯ ಬೀದಿ ಇವರಿಗೆ ಬಾಯಿಪಾಠ. ಮನಾಮ ಪೇಟೆಯ ಚೀನೀ ಹೋಟೆಲಿನ ಅಡುಗೆಯವ ಅಲ್ಲಿಗೆ ಅವರ ಭಾಷೆಯಲ್ಲೇ ಕಾಗದ ಬರೆದುಕೊಟ್ಟ. ಆಂತೋನಿಯಣ್ಣನಿಗೆ ಅಕ್ಷರ ಬಾರದು, ಹಾಗಾಗಿ ಲಕೋಟೆಯ ಹಿಂದೆ ಕಳಿಸಿದವರ ವಿಳಾಸ ಬರೆದವ ನಾನು. ಕ್ಯಾಂಪು ಇವತ್ತು ರಿಫಾ, ನಾಳೆ ಎಲ್ಲೋ. ಅದಕ್ಕೇ ನಾವೆಲ್ಲ ಎಲ್ಲಿಗೆ ಬರೆದರೂ ಊರಿನ ಮನೆಯ ವಿಳಾಸವನ್ನೇ ಕೊಡುವುದು. ಕೈ ಅಭ್ಯಾಸಬಲದಿಂದ ಅವರ ಹೆಂಡತಿ ಇರುವ ಊರಮನೆಯದನ್ನೇ ಬರೆಯಿತು. ನನ್ನ ಬುದ್ಧಿಗೆ ಮಂಕು ಬಡಿದಿತ್ತು!

ಐದು ತಿಂಗಳ ಮೇಲೆ, ಊರಿಗೆ ಹೋಗಿ ರಜೆ ಮುಗಿಸಿ ಬಂದ ನಮ್ಮ ಕ್ಯಾಂಪಿನ ಸುಂದರನ ಕೈಯಲ್ಲಿ ಆಂತೋನಿಯಣ್ಣನ ಹೆಂಡತಿ ಜೂಲಿಯಾನಾಬಾಯಿಯ ಕಾಗದ ಬಂತು. ಮೊದಲ ಸಾಲೇ, "ಲೋಕಯ್ಯನವರೇ, ಒಂದಕ್ಷರ ಬಿಡದೆ ಓದಿ." ಆಂತೋನಿಯಣ್ಣನಿಗೆ ಓದಿ ಹೇಳಿದೆ. ಎಂತ ಮಾಡುವುದು?

"ಚೀನಾದಿಂದ ಕಾಗದ ಬಂದಿತ್ತು. ಅವರ ಅಕ್ಷರ ನನಗೆ ಓದಲಿಕ್ಕೆ ಬರಲಿಲ್ಲ. ಒಳಗೆ ಫೋಟೋ ಇತ್ತು. ನಿಮ್ಮದೇ ಮೂಗು, ನಿಮ್ಮದೇ ಕಿವಿ. ಮೂವತ್ತು ವರ್ಷ ಬಂಜೆ ಅಂತ ಊರವರ ಬಾಯಿಗೆ ಬಿದ್ದವಳು ನಾನು. ಎಲ್ಲವನ್ನೂ ಒಲೆಗೆ ಹಾಕಿದೆ. ಇನ್ನು ಅಲ್ಲಿಗೆ ಬರೆಯುವುದಾದರೆ ನನಗೆ ಬರೆಯಬೇಡಿ."

ನನಗೆ ಭೂಮಿ ಬಾಯಿಬಿಡಬಾರದೇ ಅನಿಸಿತು. ಬೈಯಿರಿ, ಹೊಡೆಯಿರಿ ಎಂದೆ. ಅವರು ನನ್ನ ಮಾತು ಕೇಳಿಸಿಕೊಳ್ಳಲೇ ಇಲ್ಲ.

"ಗಂಡೋ ಹೆಣ್ಣೋ, ಬರೆದಿದ್ದಾಳಾ?"

"ಇಲ್ಲ ಆಂತೋನಿಯಣ್ಣ."

"ನೋಡಿದವಳು ಅವಳೊಬ್ಬಳೇ," ಅಂದರು. "ಅವಳ ಹತ್ತಿರ ಹೇಗೆ ಕೇಳಲಿ ಮಾರಾಯಾ?"