ಏಳು ಗಂಟೆಯ ಹಾಜರಿ

ನಮ್ಮ ಶಾಲೆಯ ಅಕ್ಕೋರು ನಿವೃತ್ತರಾಗಿ ಹತ್ತು ವರ್ಷವಾದರೂ ಹಾಜರಿ ಕರೆಯುವುದನ್ನು ಬಿಟ್ಟಿರಲಿಲ್ಲ. ಹಾಲಿನವನು ತಡವಾಗಿ ಬಂದರೆ "ಲೇಟ್" ಎನ್ನುತ್ತಿದ್ದರು. ನಲ್ಲಿಯಲ್ಲಿ ನೀರು ಬರದ ದಿನ ಬಾಗಿಲಲ್ಲಿ ನಿಂತು "ಗೈರ" ಎಂದು ಓಣಿಗೆಲ್ಲ ಸಾರುತ್ತಿದ್ದರು. ಇಂಡಿ ಊರಿನ ನಮ್ಮ ಓಣಿಯಲ್ಲಿ ಅವರ ಹೆಸರು ಸುಧಾಬಾಯಿ ಎಂದು ಗೊತ್ತಿದ್ದವರು ಕಡಿಮೆ. ಶಾಲೆ ಕಲಿತವರಿಗೂ ಕಲಿಯದವರಿಗೂ ಅವರು ಅಕ್ಕೋರೇ. ನನಗೆ ಐದನೇ ಇಯತ್ತೆಯಲ್ಲಿ ಗಣಿತ ಕಲಿಸಿದರು, ತಲೆಗೆ ಹತ್ತಲಿಲ್ಲ. ನನ್ನ ಅವ್ವನಿಗೆ ಕಲಿಸಿದ್ದು ಮಾತ್ರ ಹತ್ತಿತು.

ಅವ್ವನ ಎದೆಯಲ್ಲಿ ಗಂಟು ಕಂಡು ವಿಜಯಪುರದಲ್ಲಿ ಕೀಮೋ ಶುರುವಾಯಿತು. ಒಟ್ಟು ಆರು ಸರತಿ. ಮೊದಲ ಸರತಿ ಮುಗಿಸಿ ಹೊರಟಾಗ ವಾಂತಿಯಾಗದಂತೆ ಮುಂದಿನ ಮೂರು ದಿನಕ್ಕೆ ಡಾಕ್ಟರು ಗುಳಿಗೆ ಕೊಟ್ಟಿದ್ದರು. ಮರುದಿನ ಅವ್ವ ರೊಟ್ಟಿ ತಿಂದಳು, ಅಂಗಳ ಗುಡಿಸಿದಳು. "ಹೊಟ್ಟಿ ಸುಮ್ಮನ ಐತಿ, ಸುಳ್ಳ ಗುಳಿಗಿ ಯಾಕ ನುಂಗ್ಲಿ?" ಎಂದು ಅವನ್ನು ಗೂಡಿನಲ್ಲಿಟ್ಟಳು. ಹೊರ್ತಿಯ ಲಿಂಬೆ ತೋಟದಲ್ಲಿ ಬೆಳೆದವಳು. ಹೊಟ್ಟೆ ತೊಳಸಿದರೆ ಲಿಂಬೆಹಣ್ಣು ಮೂಸಿದರಾಯಿತು ಎಂಬ ಧೈರ್ಯ. ನಾನೂ ಹೂಂ ಅಂದೆ. ಆ ಹೂಂ ನೆನೆದರೆ ಇವತ್ತಿಗೂ ನಾಚಿಕೆಯಾಗುತ್ತದೆ. ಮೂರನೇ ದಿನ ಶುರುವಾದ ವಾಂತಿಗೆ ಗುಟುಕು ನೀರೂ ನಿಲ್ಲದಾಯಿತು. ಸಲೈನ್ ಹಚ್ಚಿಸಿ ಮನೆಗೆ ತಂದಾಗ ಗೋಡೆಗೆ ಮುಖ ಮಾಡಿ ಮಲಗಿದಳು. "ನಾ ಇನ್ನ ಆ ದವಾಖಾನಿ ಹೊಸ್ತಿಲಾ ತುಳಿಯಂಗಿಲ್ಲ. ಸತ್ತರ ಇಲ್ಲೇ ಸಾಯ್ತೇನಿ."

ಸುದ್ದಿ ತಿಳಿದು ಅಕ್ಕೋರು ಬಂದರು. ಎರಡು ವರ್ಷದ ಹಿಂದೆ ಅವರೂ ಅದೇ ಕೀಮೋದ ಹಾದಿ ತುಳಿದವರು. ಸಮಾಧಾನದ ಮಾತೊಂದನ್ನೂ ಆಡದೆ, ಗೂಡಿನಲ್ಲಿದ್ದ ಗುಳಿಗೆ ತೆಗೆದು ಎಣಿಸಿದರು.

"ಗಂಗವ್ವಾ, ನಾ ವರ್ಗದಾಗ ನಿಂತಾಗ ಹುಡುಗ್ರು ಸುಮ್ಮನ ಕೂತಿರ್ತಾವ. ಸುಮ್ಮನ ಕೂತಾವಲ್ಲಾ ಅಂತ ನಾ ಮನೀಗೆ ಬಂದ್ರ ಏನಾಗ್ತದ?"

"ಗದ್ದಲಾ ಮಾಡ್ತಾವ್ರಿ," ಎಂದಳು ಅವ್ವ ಗೋಡೆಗೇ.

"ಮತ್ತ? ಮೊದಲನೇ ದಿನದ ಔಷಧ ಒಳಗ ನಿಂತಿತ್ತು, ಅದಕ್ಕ ಹೊಟ್ಟಿ ಸುಮ್ಮನಿತ್ತು. ಈ ವಾಂತಿ ಎರಡು ಮೂರು ದಿನ ಲೇಟಾಗೇ ಬರ್ತದ. ಬಂದ ಮ್ಯಾಲೆ ಬೆತ್ತಾ ಹಿಡದ್ರ ಕೇಳೂದಿಲ್ಲ. ಬರೂಕಿಂತ ಮೊದಲ ಬಾಗಲದಾಗ ನಿಂದರಬೇಕು."

"ಲಿಂಬಿಹಣ್ಣ ಇತ್ತಲ್ರಿ..."

"ಮೂಸು, ಯಾರು ಬ್ಯಾಡಂದ್ರು? ಆದ್ರ ಗುಳಿಗಿ ಹಾಜರಿ ಲಿಂಬಿಹಣ್ಣ ಹೇಳಿದ್ರ ನಾ ಹಾಕ್ಕೊಳ್ಳೂದಿಲ್ಲ."

ಅವ್ವ ಈ ಕಡೆ ಹೊರಳಿದಳು. ಎರಡನೇ ಸರತಿಗೆ ಹೋದಾಗ, ಅಕ್ಕೋರ ತಾಕೀತಿನಂತೆ, ಗುಳಿಗೆ ಬಿಟ್ಟದ್ದನ್ನು ಡಾಕ್ಟರ ಮುಂದೆ ಒಪ್ಪಿಕೊಂಡೆವು. ಅವರು ಬೈಯಲಿಲ್ಲ, ಒಂದು ಗುಳಿಗೆ ಬದಲಿಸಿದರು. ಅಂದಿನಿಂದ ಪ್ರತಿ ಸರತಿಯ ಮರುದಿನದಿಂದ ಮೂರು ದಿನ, ಬೆಳಿಗ್ಗೆ ಏಳಕ್ಕೆ ಅಕ್ಕೋರ ಫೋನು. "ಗಂಗವ್ವ?" "ಹಾಜರ್ರೀ ಅಕ್ಕೋರ!" ಶಾಲೆಯ ಮೆಟ್ಟಿಲು ಹತ್ತದ ಅವ್ವ ನಾಲ್ಕು ತುತ್ತು ಉಪ್ಪಿಟ್ಟು ತಿಂದು, ಗುಳಿಗೆ ನುಂಗಿ, ಎದ್ದು ನಿಂತು ಹಾಜರಿ ಹೇಳುತ್ತಿದ್ದಳು. ಹೊಟ್ಟೆ ತೊಳಸುವುದು ಪೂರ್ತಿ ಹೋಗಲಿಲ್ಲ, ಆದರೆ ಸಲೈನ್ ಮತ್ತೆ ಬೇಕಾಗಲಿಲ್ಲ.

ಅಕ್ಕೋರು ಏಕಾದಶಿ ಬಿಟ್ಟವರಲ್ಲ. ನಿಮ್ಮ ಕೀಮೋದ ಮೂರನೇ ದಿನವೇ ಏಕಾದಶಿ ಬಂದಿದ್ದರೆ ಏನು ಮಾಡುತ್ತಿದ್ದಿರಿ ಎಂದು ಒಮ್ಮೆ ಕೇಳಿದೆ.

"ಬಂದಿತ್ತಲ್ಲ! ದೇವ್ರಿಗೆ ರಜಾ ಚೀಟಿ ಬರದೆ. ಗುಳಿಗಿ ಉಂಡೇ ತಗೋಬೇಕಂತ ಅದ, ಒಂದು ದಿನದ ರಜಾ ಮಂಜೂರ ಮಾಡಬೇಕು ಅಂತ. ಉಪಾಸಕ್ಕ ಗೈರ, ಗುಳಿಗಿಗೆ ಹಾಜರ."

ಚೇಷ್ಟೆ ಎಂದುಕೊಂಡು ನಕ್ಕೆವು.

ಐದನೇ ಸರತಿಯ ಹೊತ್ತಿಗೆ ಅಕ್ಕೋರ ಜಡ್ಡು ಮರಳಿತ್ತು. ಫೋನಿನ ದನಿ ಸಣ್ಣದಾಗಿದೆಯಲ್ಲ ಎಂದು ನಾನೇ ಹೋಗಿ ನೋಡಿದೆ; ಹಾಸಿಗೆ ಹಿಡಿದಿದ್ದರು. "ನಿಮ್ಮವ್ವಗ ಹೇಳಬ್ಯಾಡ. ಆಕೀದು ಇನ್ನೂ ಒಂದು ಸರತಿ ಅದ" ಎಂದರು. ಹೇಳಲಿಲ್ಲ. ಅದೇ ಅವರನ್ನು ನಾನು ಕಡೆಯ ಸಲ ಕಂಡದ್ದು.

ಆರನೇ ಸರತಿಯಲ್ಲಿ ಎರಡನೇ ಗುಳಿಗೆಯ ದಿನ ಏಳಕ್ಕೆ ಫೋನು ಬರಲಿಲ್ಲ. ಅವ್ವ ಗುಳಿಗೆ ಅಂಗೈಯಲ್ಲಿ ಹಿಡಿದು ಏಳೂವರೆಯವರೆಗೆ ಕಾದಳು. ಆಮೇಲೆ ಬಂದದ್ದು ಅಕ್ಕೋರ ತಮ್ಮನ ಫೋನು: ನಸುಕಿನಲ್ಲಿ ಹೋಗಿಬಿಟ್ಟಿದ್ದರು. ಅವ್ವ ಬಿಕ್ಕುತ್ತಲೇ ಗುಳಿಗೆ ನುಂಗಿ ಚಪ್ಪಲಿ ಮೆಟ್ಟಿದಳು.

ಅಂದು ಸಂಜೆ ಎಲ್ಲ ಮುಗಿದ ಮೇಲೆ ಅಕ್ಕೋರ ತಮ್ಮ ನನ್ನ ಕೈಗೊಂದು ಚೀಟಿ ಕೊಟ್ಟರು. "ವಿಠ್ಠಲನ ಫೋಟೋದ ಹಿಂದ ಎರಡು ಚೀಟಿ ಇದ್ದುವು. ಒಂದು ಏಕಾದಶೀದು. ಇದು ನಿನ್ನೆ ಬರದದ್ದು, ನಿಮ್ಮವ್ವನ ಹೆಸರು ಅದ ಇದರಾಗ."

"ಓದವಾ," ಎಂದಳು ಅವ್ವ. ಕರಿಹಲಗೆಯ ಅದೇ ದುಂಡನೆಯ ಅಕ್ಷರ, ತುಸು ನಡುಗಿತ್ತು:

"ಮಾನ್ಯರೇ, ನನ್ನ ಕಾಯಂ ರಜೆಯನ್ನು ಇನ್ನೆರಡು ದಿನ ತಡೆದು ಮಂಜೂರು ಮಾಡಬೇಕಾಗಿ ವಿನಂತಿ. ಗಂಗವ್ವನ ಎರಡು ಹಾಜರಿ ಬಾಕಿ ಇವೆ. ತಮ್ಮ ವಿಧೇಯ ವಿದ್ಯಾರ್ಥಿನಿ, ಸುಧಾ."

ಅವ್ವ ಚೀಟಿಯನ್ನು ಸೆರಗಿನ ತುದಿಗೆ ಕಟ್ಟಿಕೊಂಡಳು. ಮರುದಿನ ಕೊನೆಯ ಗುಳಿಗೆ. ಏಳಕ್ಕೆ ಸರಿಯಾಗಿ ಉಪ್ಪಿಟ್ಟು ತಿಂದು, ಗುಳಿಗೆ ನುಂಗಿ, ಎದ್ದು ನಿಂತಳು. ಫೋನು ಸುಮ್ಮನಿತ್ತು.

"ಹಾಜರ್ರೀ ಅಕ್ಕೋರ," ಎಂದಳು.