ನಾಯಿಮರಿಗೆ ಮಂಗ ತೋರಿಸುವ ಮುಹೂರ್ತ

ನಾಯಿಮರಿಯ ಹೊಟ್ಟೆಗೆ ಒಂದು ವಾಸನೆ ಉಂಟು, ಸಾಕಿದವರಿಗೆ ಗೊತ್ತು. ಸ್ವಲ್ಪ ಹಾಲು, ಸ್ವಲ್ಪ ಮಣ್ಣು, ಸ್ವಲ್ಪ ಉಚ್ಚೆ. ಮೊನ್ನೆ ಬೆಳಿಗ್ಗೆ ಆಚೆಮನೆಯ ಶರತ್ ಒಂದು ಮರಿಯನ್ನು ಎದೆಗವಚಿಕೊಂಡು ನಮ್ಮ ಜಗಲಿಯಲ್ಲಿ ಬಂದು ಕೂತಾಗ ಅದೇ ವಾಸನೆ ಮೂಗಿಗೆ ಬಡಿಯಿತು. ಉದ್ದ ಕಾಲು, ಉದ್ದ ಮೂತಿ, ಪಕ್ಕೆಲುಬು ಎಣಿಸಬಹುದು. ಮುಧೋಳದ ಬೇಟೆನಾಯಿಗೆ ಊರ ನಾಯಿಯ ಬೆರಕೆಯಂತೆ.

"ಅಕ್ಕ, ಈ ಜಾತಿಯನ್ನು ಸಾಕಿ ನಿಮಗೆ ಅನುಭವ ಉಂಟಲ್ಲ," ಎಂದ. "ಇದಕ್ಕೆ ಮಂಗ ತೋರಿಸುದು ಯಾವಾಗ? ಐದು ತಿಂಗಳಾಯ್ತು. ಬರುವ ಆದಿತ್ಯವಾರ ಮಾಡುವ ಅಂತ ಉಂಟು. ಫ್ರೆಂಡ್ಸ್ ಎಲ್ಲ ಬರ್ತಾರೆ. ವಿಡಿಯೊ ತೆಗೆಯುವವನಿಗೂ ಹೇಳಿದ್ದೇನೆ."

ವಿಡಿಯೊ ತೆಗೆಯುವವ! ನಮ್ಮ ಕಾಲದಲ್ಲಿ ಅದೊಂದು ಬಾಕಿ ಇತ್ತು ನೋಡಿ. ಉಳಿದದ್ದೆಲ್ಲ ಸಾಂಗವಾಗಿಯೇ ನಡೆದಿತ್ತು.

ನಮ್ಮ ಊರು ಮಂಡೆಕೋಲಿನಲ್ಲಿ ಮಂಗ ಎಂದರೆ ಎಂತ ಅಂತ ಹೊರಗಿನವರಿಗೆ ಹೇಳಿ ಪ್ರಯೋಜನ ಇಲ್ಲ. ಅವರಿಗೆ ಅದು ಘಾಟಿಯಲ್ಲಿ ಕಾರು ನಿಲ್ಲಿಸಿ ಬಾಳೆಹಣ್ಣು ಕೊಟ್ಟು ಫೋಟೋ ತೆಗೆಯುವ ಪ್ರಾಣಿ. ನಮಗೆ ಅದು ಕೊಕ್ಕೋ ಹಣ್ಣನ್ನು ನಮಗಿಂತ ಮೊದಲು ಕೊಯ್ದು, ಬೀಜ ಚೀಪಿ, ಸಿಪ್ಪೆಯನ್ನು ನಮ್ಮ ತಲೆಗೇ ಬಿಸಾಡುವ ಪಾಲುದಾರ. ಬಸಳೆ ಚಪ್ಪರ ಹರಿಯುವುದು, ಎಳನೀರು ಕೆಡವುವುದು, ಒಣಗಲು ಹಾಕಿದ ಹಪ್ಪಳವನ್ನು ಒಂದೊಂದೇ ಮುರಿದು ನೋಡಿ ಇದು ಸರಿಯಾಗಲಿಲ್ಲ ಎಂಬಂತೆ ಕೆಳಗಿಡುವುದು. ನನ್ನ ಅತ್ತೆ ತೀರಿಕೊಂಡ ಮೇಲೆ ನನ್ನ ಹಪ್ಪಳಕ್ಕೆ ಹೆಸರಿಟ್ಟವರು ಈ ಮಂಗಗಳೇ. ಗುಂಪಿಗೆ ಒಂದು ಗಡವ ಇತ್ತು, ದೊಡ್ಡ ಗಂಡು. ಅದು ಅಡಿಗೆಕೋಣೆಯ ಕಿಟಕಿಯಲ್ಲಿ ಕೂತು ಇವತ್ತು ಎಂತ ಪದಾರ್ಥ ಅಂತ ನೋಡಿಕೊಂಡು ಹೋಗುತ್ತಿತ್ತು.

ಈ ಕಷ್ಟವನ್ನು ನಮ್ಮವರು ಒಂದು ದಿನ ಷಡ್ಡಕನ ಹತ್ತಿರ ಹೇಳಿಕೊಂಡರು. ಅಲ್ಲಿಗೆ ಶುರುವಾಯಿತು. ಷಡ್ಡಕ ಎಂದರೆ ನನ್ನ ಅಕ್ಕನ ಗಂಡ, ಮರ್ಕಂಜದ ಭಾವ. ಭಾವನ ಹತ್ತಿರ ಕಷ್ಟ ಹೇಳಬಾರದು ಮಾರಾಯ್ರೆ. ಪರಿಹಾರ ಹಿಡಿದುಕೊಂಡು ಮನೆಗೇ ಬರುತ್ತಾರೆ.

ಮುಂದಿನ ವಾರ ಭಾವ ಬಂದರು, ಕಂಕುಳಲ್ಲಿ ಒಂದು ಮರಿ. "ಬೇಟೆಯ ರಕ್ತ ಇದು. ಹೆಸರು ಟೈಗರ್. ಇನ್ನು ನಿಮ್ಮ ತೋಟಕ್ಕೆ ಮಂಗ ಕಾಲಿಟ್ರೆ ನನ್ನ ಹೆಸರು ಬದಲಿಸಿ," ಎಂದರು. ಟೈಗರು ಅಷ್ಟರಲ್ಲಿ ನನ್ನ ಕಾಲುಂಗುರವನ್ನು ಚೀಪುತ್ತಾ ಕೂತಿತ್ತು. ನಾನು ಅದನ್ನು ಕುಂಞಿ ಅಂತ ಕರೆದೆ. ನಮ್ಮ ಗಡಿಯ ಕಡೆ ಸಣ್ಣ ಮಕ್ಕಳನ್ನು ಕರೆಯುವುದೇ ಹಾಗೆ. ಅದು ಬಾಲ ಅಲ್ಲಾಡಿಸಿದ್ದು ಕುಂಞಿಗೆ, ಟೈಗರಿಗಲ್ಲ.

ಭಾವನ ವಿದ್ಯೆ ಕಲಿಸುವ ಕ್ರಮವನ್ನು ಇಲ್ಲಿ ಸ್ವಲ್ಪ ಹೇಳಬೇಕು. ಅವರದ್ದು ಒಂದೇ ಕ್ರಮ, ನೇರ ಇಳಿಸುವುದು. ಮಗನಿಗೆ ಈಜು ಕಲಿಸುತ್ತೇನೆಂದು ಹೊಳೆಗೆ ಎತ್ತಿ ಹಾಕಿದರು. ಆ ಮಗ ಈಗ ಗಡ್ಡಮೀಸೆಯ ಗಂಡಸು, ಇವತ್ತಿಗೂ ಮೊಣಕಾಲು ಮೀರಿದ ನೀರಿಗೆ ಇಳಿಯುವುದಿಲ್ಲ. ಅಕ್ಕನಿಗೆ ಸ್ಕೂಟರ್ ಕಲಿಸುತ್ತೇನೆಂದು ಮೊದಲ ದಿನವೇ ಸುಳ್ಯ ಪೇಟೆಯ ನಡುವೆ ಹ್ಯಾಂಡಲ್ ಕೈಗೆ ಕೊಟ್ಟು ತಾವು ಹಿಂದೆ ಕೂತರು. ಅಕ್ಕ ಹೋಗಿ ಒಂದು ತರಕಾರಿ ಅಂಗಡಿಯ ಟೊಮೆಟೊದ ಮೇಲೆ ಬಿದ್ದಳು. ಇಡೀ ಪೇಟೆ ನಕ್ಕಿತು, ಭಾವನೂ ನಕ್ಕರು. "ಹೆಂಗಸರಿಗೆ ಅದು ಬರುದಿಲ್ಲ," ಎಂದರು. ಮಗನ ವಿಷಯದಲ್ಲಿ "ಅವನಿಗೆ ತಾಯಿಯ ಗುಣ" ಎಂದರು. ನೋಡಿ, ಕಲಿಸಿದವನ ತಪ್ಪು ಒಂದು ಸಲವೂ ಆದದ್ದಿಲ್ಲ.

ಓಡಿಸಲು ಕಲಿಯಲಿ ಎಂದು ಮರಿಗೆ ಮಂಗವನ್ನು ಯಾವಾಗ ತೋರಿಸುವುದು ಎಂಬ ಬಗ್ಗೆ ನಮ್ಮ ಅಂಗಳದಲ್ಲಿ ಎಷ್ಟು ಚರ್ಚೆ ಆಯಿತೆಂದರೆ, ನನ್ನ ಮದುವೆ ಮಾತುಕತೆ ಅದರ ಅರ್ಧದಲ್ಲಿ ಮುಗಿದಿತ್ತು. ಭಾವನ ಪ್ರಕಾರ ಐದು ತಿಂಗಳು, ಹಾಲುಹಲ್ಲು ಉದುರುವಾಗ ರಕ್ತ ಬಿಸಿ ಇರುತ್ತದೆ. ನಮ್ಮ ತೆಂಗಿನಕಾಯಿ ಕೊಂಡುಹೋಗುವ ಹಮೀದಾಕನ ಪ್ರಕಾರ ಒಂದು ವರ್ಷ. ಹಮೀದಾಕ ನಾಯಿಯನ್ನು ಮುಟ್ಟುವವರಲ್ಲ, ಅವರಲ್ಲಿ ಅದರ ಎಂಜಲು ತಾಗಬಾರದು. ಹಾಗಾಗಿ ಅವರ ಉಪನ್ಯಾಸವೆಲ್ಲ ಪಿಕಪ್‌ನ ಒಳಗಿನಿಂದ, ಅರ್ಧ ಏರಿಸಿದ ಗಾಜಿನ ಮೇಲಿನಿಂದ. "ನನ್ನ ಭಾಮೈದ ದುಬಾಯಿಯಲ್ಲಿ ಅರಬಿಯ ಬೇಟೆನಾಯಿ ನೋಡಿಕೊಳ್ಳುದು ಅಕ್ಕ. ಅಲ್ಲಿ ನಾಯಿಗೆ ಎಸಿ ರೂಮುಂಟು."

"ಭಾಮೈದನಿಗೆ?" ಎಂದು ನಾನು ಕೇಳಿದೆ.

"ಅವನಿಗೆ ಫ್ಯಾನು," ಎಂದರು ಹಮೀದಾಕ.

ನಮ್ಮವರನ್ನು ಕೇಳಿದರೆ "ನೋಡುವ" ಎಂದರು. ಮದುವೆಯಾದಂದಿನಿಂದ ನಮ್ಮವರು ಎಲ್ಲದಕ್ಕೂ ಹೇಳುವುದು ಅದನ್ನೇ. ಇಷ್ಟು ವರ್ಷದಲ್ಲಿ ನೋಡಿದ್ದು ಮಾತ್ರ ನಾನು ಕಾಣೆ.

ಕೊನೆಗೆ ಭಾವ ಪಂಚಾಂಗ ತೆಗೆದರು. ನಗಬೇಡಿ. ಬಾವಿ ತೋಡುವುದಕ್ಕೆ ನೋಡುತ್ತೇವೆ, ಹಟ್ಟಿಗೆ ದನ ತರುವುದಕ್ಕೆ ನೋಡುತ್ತೇವೆ, ನಾಯಿಗೆ ಯಾಕೆ ನೋಡಬಾರದು ಎಂದು ಅವರ ವಾದ. ಆದಿತ್ಯವಾರ ಬೆಳಿಗ್ಗೆ ಪ್ರಶಸ್ತ ಎಂದು ಬಂತು. ಅಕ್ಕಪಕ್ಕದ ಗಂಡಸರಿಗೆಲ್ಲ ಹೇಳಿಕೆ ಹೋಯಿತು. ನಾನು ಅವಲಕ್ಕಿ ಕಲಸಿದೆ, ಚಾ ಮಾಡಿದೆ. ಗಂಡಸರು ಬಾಳೆಗಿಡಗಳ ಹತ್ತಿರ ಸಾಲಾಗಿ ನಿಂತರು. ಎಲ್ಲರೂ ಬಂದರು, ಮಂಗ ಮಾತ್ರ ಬರಲಿಲ್ಲ. ಅವುಗಳಿಗೆ ಪಂಚಾಂಗ ಯಾರು ಓದಿ ಹೇಳುವುದು? ಪ್ರಶಸ್ತವಾದ ಹೊತ್ತು ಕಳೆಯಿತು. ಅವಲಕ್ಕಿ ಇನ್ನೊಂದು ಸಲ ಕಲಸಿದೆ.

ಎಲ್ಲರೂ ಕೈ ತೊಳೆದು ವೀಳ್ಯ ಮೆಲ್ಲುವಾಗ ಬಂದವು. ಭಾವ ಓಡಿದರು. ಕುಂಞಿ ನನ್ನ ಸೀರೆಯ ನೆರಿಗೆಯ ಹತ್ತಿರ ಮಲಗಿತ್ತು. ಅದನ್ನು ಎತ್ತಿಕೊಂಡು ಹೋಗಿ "ಛೂ! ಹಿಡಿ!" ಎಂದು ನೇರ ಗುಂಪಿನ ನಡುವೆ ಎಸೆದರು. ಇಳಿಸಿದ್ದಲ್ಲ, ಎಸೆದದ್ದು. ಮರಿ ಕಾಲು ಹುಡುಕಿಕೊಂಡು ಏಳುವ ಮೊದಲೇ ಗಡವ ಬಂದು ಅದರ ಕಿವಿ ಹಿಡಿದು ಹರಿಯಿತು. ಆ ಕೂಗು! ನಾಯಿಮರಿ ಮನುಷ್ಯರ ಮಗುವಿನ ಹಾಗೆ ಕೂಗುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಅಷ್ಟು ಗಂಡಸರ ಕಾಲಿನ ಎಡೆಯಿಂದ ನುಸುಳಿ, ಅಂಗಳ ದಾಟಿ, ಅಡಿಗೆಕೋಣೆಗೆ ನುಗ್ಗಿ ಗ್ಯಾಸ್ ಸಿಲಿಂಡರಿನ ಹಿಂದೆ ಸೇರಿತು. ಹೊರಗೆ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

ನಾನು ನೆಲದಲ್ಲಿ ಕೂತು ಕೈ ಚಾಚಿದೆ. ಎಷ್ಟೋ ಹೊತ್ತಿಗೆ ತೆವಳಿಕೊಂಡು ಬಂದು ಮಡಿಲಿಗೆ ಹತ್ತಿತು. ಕಿವಿಗೆ ಅರಸಿನ ಹಚ್ಚಿದೆ. ಅದು ನಡುಗಿ ನಡುಗಿ ನನ್ನ ಸೀರೆಯಲ್ಲೇ ಉಚ್ಚೆ ಮಾಡಿತು. ನನಗೆ ಬಂದ ಸಿಟ್ಟು ಅದರ ಮೇಲಲ್ಲ.

ಭಾವ ಇನ್ನೊಂದು ಆದಿತ್ಯವಾರವೂ ಪ್ರಯತ್ನ ಮಾಡಿದರು. ಮರಿ ನೆಲಕ್ಕೆ ಅಂಟಿಕೊಂಡಿತು, ಏಳಲಿಲ್ಲ. ಆಮೇಲೆ ಬಾಳೆ ಎಲೆ ಅಲ್ಲಾಡಿದರೂ ಸಿಲಿಂಡರಿನ ಹಿಂದೆ. ಭಾವ ತೀರ್ಪು ಕೊಟ್ಟರು, "ತಳಿಯೇ ಸರಿ ಇಲ್ಲ. ಇದನ್ನು ಹೊಳೆ ದಾಟಿಸುವ. ನಾನು ಬೇರೆ ತಂದು ಕೊಡ್ತೇನೆ."

ಹೊಳೆ ದಾಟಿಸುವುದೆಂದರೆ ನಿಮಗೆ ಗೊತ್ತಲ್ಲ. ಬೇಡದ ಬೆಕ್ಕುನಾಯಿಗಳನ್ನು ಗೋಣಿಯಲ್ಲಿ ಕಟ್ಟಿ ಪಯಸ್ವಿನಿಯ ಆಚೆ ಬಿಟ್ಟು ಬರುವುದು. ದಾರಿ ಮೂಸಿಕೊಂಡು ವಾಪಸು ಬರಬಾರದು ಅಂತ. ಕೊಂದ ಪಾಪ ನಮಗಿಲ್ಲ. ಆಚೆ ದಡದಲ್ಲಿ ಅದು ಸತ್ತರೆ ಅದು ಆಚೆ ದಡದವರ ಲೆಕ್ಕ. ಎಷ್ಟು ಸಭ್ಯರು ನಾವು!

ನಾನು ಹಟ್ಟಿಯಿಂದ ಬರುವಾಗ ಭಾವನ ಕೈಯಲ್ಲಿ ಗೋಣಿ, ಗೋಣಿಯ ಒಳಗೆ ಮಿಸುಕಾಟ. ನಮ್ಮವರು ಬೈಕಿನ ಮೇಲೆ, ಮುಖ ಬೇರೆ ಕಡೆ. ನಾನು ಹಾಲಿನ ಚೆಂಬು ಹಿಡಿದುಕೊಂಡೇ ಬೈಕಿಗೆ ಅಡ್ಡ ನಿಂತೆ.

"ಭಾವ, ಗೋಣಿಯ ಬಾಯಿ ಬಿಚ್ಚಿ."

"ಏ ಮಾರಾಯ್ತಿ, ಕೆಲಸಕ್ಕೆ ಬಾರದ ನಾಯಿಗೆ ಅನ್ನ ಹಾಕುದು ಯಾಕೆ?"

"ಕೆಲಸಕ್ಕೆ ಬಾರದವರನ್ನೆಲ್ಲ ಹೊಳೆ ದಾಟಿಸುದಾದ್ರೆ ಮೊದಲು ನೀವು ಗೋಣಿಯ ಒಳಗೆ ಕೂತ್ಕೊಳ್ಳಿ. ಕಟ್ಟಿ ಕೊಡ್ತೇನೆ, ಇವರು ಬಿಟ್ಟು ಬರ್ತಾರೆ."

ನಮ್ಮವರು ಬೈಕಿನ ಕೀ ತೆಗೆದು ಕಿಸೆಗೆ ಹಾಕಿಕೊಂಡರು. ಆ ಮನುಷ್ಯ ಮಾಡಿದ ದೊಡ್ಡ ಧೈರ್ಯ ಅದು. ಭಾವ ಗೋಣಿಯನ್ನು ಕೆಳಗಿಟ್ಟು, ಚಾ ಸಹ ಕುಡಿಯದೆ ಮರ್ಕಂಜಕ್ಕೆ ಹೋದರು.

ಸಂಜೆ ಅಕ್ಕನ ಫೋನು. "ಒಂದು ನಾಯಿಗೋಸ್ಕರ ನನ್ನ ಗಂಡನ ಮರ್ಯಾದೆ ತೆಗೆದೆಯಲ್ಲ." ನಾನು ಎಂತದೋ ಹೇಳಲು ಹೋದೆ, ಅವಳು ಇಟ್ಟಳು. ಆಮೇಲೆ ಫೋನು ಇಲ್ಲ, ಬರುವುದು ಹೋಗುವುದು ಇಲ್ಲ. ತಲೆ ಬಾಚಿ ಜಡೆ ಹಾಕಿ ನನ್ನನ್ನು ಶಾಲೆಗೆ ಕಳಿಸಿದ ಅಕ್ಕ. ಎರಡು ದೀಪಾವಳಿ ಅವಳ ಸ್ವರ ಕೇಳದೆ ಕಳೆದೆ. ಕೆಲವು ದಿನ ಕುಂಞಿಯನ್ನು ನೋಡಿ, ನಿನ್ನಿಂದಾಗಿ ನನಗೆ ಅಕ್ಕ ಇಲ್ಲದ ಹಾಗಾಯಿತು ಎಂದು ಬೈದದ್ದೂ ಉಂಟು. ಅದು ಬೈಗುಳವನ್ನೂ ಊಟದ ಹಾಗೆಯೇ ಬಾಲ ಅಲ್ಲಾಡಿಸಿ ತೆಗೆದುಕೊಂಡಿತು.

ಅಷ್ಟಾಗಿ ಅದು ಮಂಗ ಓಡಿಸಲು ಕಲಿಯಿತಾ? ಎಲ್ಲಿಂದ! ಬೆಳೆದು ಕಂಬದಷ್ಟು ಉದ್ದ ಆಯಿತು, ಓಡಿದರೆ ಕಾಲು ನೆಲಕ್ಕೆ ತಾಗುವುದು ಕಾಣುತ್ತಿರಲಿಲ್ಲ. ಮಂಗ ಬಂದರೆ ಮಾತ್ರ, ಇದು ನನ್ನ ಇಲಾಖೆಯಲ್ಲ ಎಂಬ ಮುಖ ಮಾಡಿ ಮಂಚದ ಅಡಿಗೆ. ನಾನೇ ಬಟ್ಟಲು ಬಡಿದುಕೊಂಡು, ಹೋ ಎಂದು ಕೂಗಿಕೊಂಡು ತೋಟದಲ್ಲಿ ಓಡುವುದು. ಮಂಗ ಓಡಿಸುವ ನಾಯಿ ಎಂದು ತಂದದ್ದು ಅದನ್ನು, ಓಡಿ ಓಡಿ ಸಪೂರ ಆದದ್ದು ನಾನು.

ಮತ್ತೆ ಒಂದು ದಿನ ಬೆಳಿಗ್ಗೆ ಅಂಗಳದಲ್ಲಿ ಹಮೀದಾಕ ಪಿಕಪ್‌ಗೆ ಕಾಯಿ ತುಂಬಿಸಿ ಹೊರಡುವ ಹೊತ್ತು. ಗೇಟಿನ ಹತ್ತಿರ ಆಟೋ ನಿಂತಿತು. ಅಕ್ಕ ಇಳಿದಳು, ಹಿಂದಿನಿಂದ ಭಾವ. ಮಗನ ಮದುವೆ ಹೇಳಿಕೆಗೆ ಬಂದದ್ದು, ತಂಗಿಯ ಮನೆ ಬಿಡಲಿಕ್ಕೆ ಆಗುವುದಿಲ್ಲವಲ್ಲ. ನಗುವುದಾ, ಅಳುವುದಾ ಗೊತ್ತಾಗದೆ ಮೆಟ್ಟಿಲಲ್ಲಿ ನಿಂತೆ.

ಕುಂಞಿ ಎದ್ದು ನಿಂತಿತು. ಮೂಗು ಎತ್ತಿತು. ಒಂದು ಬೊಗಳು ಇಲ್ಲ. ಹೊರಟದ್ದಷ್ಟೇ ಕಂಡದ್ದು.

ಮರ್ಕಂಜದ ಭಾವ ಓಡಿದ್ದನ್ನು ನೀವು ನೋಡಬೇಕಿತ್ತು! ಹೊಸ ಪಂಚೆ ಒಂದು ಕೈಯಲ್ಲಿ, ಮದುವೆ ಕಾಗದದ ಚೀಲ ಇನ್ನೊಂದು ಕೈಯಲ್ಲಿ. ಬಾವಿಗೆ ಒಂದು ಸುತ್ತು, ತುಳಸಿಕಟ್ಟೆಗೆ ಒಂದು ಸುತ್ತು, ಕೊನೆಗೆ ಪಿಕಪ್‌ನ ಹಿಂದೆ ಹಾರಿ ಕಾಯಿಯ ರಾಶಿಯ ತುದಿಗೆ. ಕುಂಞಿ ಹತ್ತಲಿಲ್ಲ, ಕಚ್ಚಲಿಲ್ಲ. ಕೆಳಗೆ ನಿಂತು ಮುಖ ಎತ್ತಿ ನೋಡುತ್ತಾ ಇತ್ತು. ಹಮೀದಾಕ ಒಳಗೆ ಕೂತು ಗಾಜು ಪೂರ್ತಿ ಏರಿಸಿಬಿಟ್ಟರು. ಅಂದರೆ ಐದು ತಿಂಗಳಿಗೆ ಅದಕ್ಕೆ ಬೇಟೆ ತೋರಿಸಿದ್ದು ಸರಿಯಾಗಿಯೇ ಆಗಿತ್ತು. ಬಾಳೆಗಿಡದ ಕಡೆ ತೋರಿಸಿದ್ದೇವೆ ಎಂದು ನಾವು ತಿಳಿದುಕೊಂಡಿದ್ದೆವು, ಅದು ನೋಡಿಟ್ಟುಕೊಂಡದ್ದು ಎಸೆದವನನ್ನು.

ಭಾವ ಕಾಯಿಯ ಮೇಲೆ ಜಾರುತ್ತಾ, ಏದುಸಿರು ಬಿಡುತ್ತಾ ಎಂತ ಹೇಳಿದರು ಗೊತ್ತುಂಟಾ? "ಓಟ ನೋಡಿದ್ರಾ? ತಳಿ ಒಳ್ಳೆದು ಅಂತ ನಾನು ಆವತ್ತೇ ಹೇಳಿದ್ದು!"

ಮೊದಲು ನಕ್ಕದ್ದು ಅಕ್ಕ. ಮೆಟ್ಟಿಲಲ್ಲಿ ಕುಕ್ಕರಿಸಿ, ಕಣ್ಣೀರು ಒರೆಸಿಕೊಂಡು ನಕ್ಕಳು. "ಬಿಡಬೇಡ ಕುಂಞಿ," ಎಂದಳು, "ನನ್ನ ಸ್ಕೂಟರಿನದ್ದೂ ಸೇರಿಸಿ ಓಡಿಸು!" ಆಮೇಲೆ ನನ್ನ ಕೈ ಹಿಡಿದುಕೊಂಡಳು. ನಾನು ಅವಳ ಹೆಗಲಿಗೆ ಮುಖ ಒತ್ತಿ ಜೋರಾಗಿ ಅತ್ತೆ. ಎರಡು ವರ್ಷದ್ದು ಇತ್ತಲ್ಲ.

ನಾಯಿಯನ್ನು ಕಟ್ಟಿ, ಭಾವನನ್ನು ಇಳಿಸಿ, ಅಡಿಗೆಕೋಣೆಗೆ ಕರೆದುಕೊಂಡು ಹೋಗಿ ಕೂರಿಸಿದೆ. ನೀರಿನ ಲೋಟ ಅವರ ಕೈಯಲ್ಲಿ ನಿಲ್ಲಲಿಲ್ಲ, ಅಂಗಿಗೆಲ್ಲ ಚೆಲ್ಲಿತು. ತಮಾಷೆ ಮಾಡಲು ನಾಲಿಗೆ ತುದಿಯಲ್ಲಿ ಮಾತಿತ್ತು, ಮುಖ ನೋಡಿ ನುಂಗಿದೆ. ಭಾವ ಲೋಟ ನೋಡುತ್ತಾ, "ಅದಕ್ಕೂ ಆವತ್ತು ಹೀಗೇ ಆಗಿರ್ಬೇಕು ಅಲ್ವಾ?" ಎಂದರು. "ಹೌದು ಭಾವ," ಎಂದೆ. ಉತ್ತರ ಬೇಕೆಂದು ಅವರ ಬಾಯಿಯಿಂದ ಪ್ರಶ್ನೆ ಬಂದದ್ದು ನಾನು ಅದೇ ಮೊದಲು ಕೇಳಿದ್ದು.

ಕುಂಞಿ ಹೋದ ವರ್ಷ ಮುದಿಯಾಗಿ ಸತ್ತಿತು. ಸಾಯುವವರೆಗೆ ಮತ್ತೆ ಒಂದು ಮಂಗನ ಮುಖ ನೋಡಲಿಲ್ಲ. ನನಗೆ ಈಗಲೂ ಅನ್ನ ಬಡಿಸುವಾಗ ಒಂದು ಹಿಡಿ ಹೆಚ್ಚು ಬರುತ್ತದೆ.

ಇಷ್ಟನ್ನು ಮೊನ್ನೆ ಶರತನಿಗೆ ಹೇಳುತ್ತಾ ಹೇಳುತ್ತಾ ನೋಡುತ್ತೇನೆ, ನನ್ನ ತೋರುಬೆರಳು ಮೇಲೆದ್ದಿದೆ, ಸ್ವರ ಏರಿದೆ. ಭಾವನಿಗಿಂತ ನಾನು ಎಂತ ಕಡಿಮೆ? ಬೆರಳು ಮಡಚಿಕೊಂಡೆ. ಶರತ್ ನಕ್ಕ, ಆದರೆ ಆದಿತ್ಯವಾರದ ಆಸೆ ಮುಖದಿಂದ ಹೋಗಿರಲಿಲ್ಲ.

ಅಷ್ಟರಲ್ಲಿ ಹಟ್ಟಿಯ ತಗಡಿನ ಮಾಡಿಗೆ ಮಂಗಗಳು ಧಡಧಡ ಹಾರಿದವು. ಮರಿ ಒಂದು ಸಲ ಕುಂಯ್ ಎಂದು ಶರತನ ಕಂಕುಳಿಗೆ ತಲೆ ತುರುಕಿತು. ಒಳಗೆ ಹೋಗಲು ಜಾಗ ಸಾಲದೆ ಅಂಗಿಯ ಗುಂಡಿಯ ಎಡೆಗೆ ಮೂತಿ ಹಾಕಿತು. ಅಂಗಿ ಒದ್ದೆಯಾಯಿತು. ಶರತ್ ಛೆ ಎಂದ. ಎಂದರೂ ಅವನ ಇನ್ನೊಂದು ಕೈ, ಅವನಿಗೆ ಗೊತ್ತಿಲ್ಲದೆಯೇ, ಹೋಗಿ ಮರಿಯ ಕಿವಿ ಮುಚ್ಚಿ ಹಿಡಿಯಿತು.

ಮಂಗಗಳು ದಾಟಿ ಹೋದವು. ಅವನು ಕೈ ತೆಗೆಯಲಿಲ್ಲ.

"ಹಾಗಾದ್ರೆ ಯಾವಾಗ ಅಕ್ಕ ತೋರಿಸುದು?" ಎಂದ, ಈ ಸಲ ಮೆಲ್ಲಗೆ.

"ಮಂಗನನ್ನು ಅದು ನೋಡಿಯಾಯ್ತು ಮಾರಾಯ," ಎಂದೆ. "ಹೆದರಿದ್ರೆ ಎಲ್ಲಿಗೆ ಓಡುದು ಅಂತಲೂ ನೋಡಿಯಾಯ್ತು. ಇನ್ನು ಅಲ್ಲಿಂದ ಅದನ್ನು ತೆಗೆದು ಎಸೆಯದಿದ್ರೆ ಸಾಕು."