ತಡಸ ದೇಶದ ಗಿರಿಜವ್ವ

ಗಿರಿಜವ್ವ ನಕ್ಕರೆ ತಡಸದ ಬಸ್ ಸ್ಟ್ಯಾಂಡಿನ ಈ ತುದಿಯಿಂದ ಆ ತುದಿಗೆ ಕೇಳಿಸುತ್ತಿತ್ತು. ಅವಳ ಕಪ್ಪು ಮೈ, ಗುಂಗುರು ಕೂದಲು ನೋಡಿ ಯಾವನಾದರೂ ಹೊಸಬ ನಿಂತು, "ಯಾವ ದೇಶ?" ಎಂದು ಕೇಳುವುದು, ಆಕೆ ಮೊದಲು ಬಾಯಿ ತುಂಬ ನಗುವುದು, ಆಮೇಲೆ, "ತಡಸ ದೇಶದಾಕಿ ಅದೀನಿ. ನಿಂದ್ಯಾವ ದೇಶೋ ಯಪ್ಪಾ?" ಅನ್ನುವುದು ನಮಗೆ ರೂಢಿಯಾಗಿತ್ತು. ಕೇಳಿದವನು ಅಲ್ಲಿಂದ ಕಾಲು ಕೀಳುತ್ತಿದ್ದ.

ಆಕೆ ಸಿದ್ದಿಯರವಳು. ತವರು ಮುಂಡಗೋಡದ ಆಚೆಯ ಕಾಡಿನ ಒಂದು ಕೇರಿ. ಲಗ್ನವಾಗಿ ತಡಸಕ್ಕೆ ಬಂದವಳು ಗಂಡ ತೀರಿದ ಮೇಲೂ ಮಗ ಗಣಪತಿಯನ್ನು ಕಟ್ಟಿಕೊಂಡು ಇಲ್ಲೇ ಉಳಿದಳು. ಮನೆಮನೆಯ ಹಳೆ ಬಟ್ಟೆ ತಂದು ಕೌದಿ ಹೊಲಿಯುವುದು ಕಸುಬು. ನನ್ನದು ಬಳೆ, ಸೂಜಿ, ದಾರದ ಅಂಗಡಿ. ಹೀಗಾಗಿ ದಿನವೂ ಮುಖ ನೋಡುವ ಗೆಳೆತನ.

ಒಮ್ಮೆ ಇಬ್ಬರೂ ಸವಣೂರಿಗೆ ಹೋಗಿ ಬರುವಾಗ ಬಸ್ಸಿನಲ್ಲಿ ಒಬ್ಬ ಕಾಲೇಜು ಹುಡುಗ ಅವಳ ಮುಖಕ್ಕೆ ಮೊಬೈಲು ಹಿಡಿದು ಇಂಗ್ಲಿಷಿನಲ್ಲಿ ಏನೇನೋ ಕೇಳತೊಡಗಿದ. ಆಕೆ ಪೂರ್ತಿ ಕೇಳಿಸಿಕೊಂಡಳು. ಸಂಚಿ ಬಿಚ್ಚಿ, "ಎಲಿ ಬೇಕನ ತಮ್ಮಾ? ಸವಣೂರ ಎಲಿ. ಸುಣ್ಣ ನೀನ ಹಚ್ಚಿಕೋ" ಎಂದಳು. ಬಸ್ಸಿಗೆ ಬಸ್ಸೇ ನಕ್ಕಿತು. ನನಗೆ ಮೈಯೆಲ್ಲ ಉರಿದು ಆ ಹುಡುಗನಿಗೆ ಹುಟ್ಟಿದ ದಿನ ನೆನಪಾಗುವಂತೆ ಬೈದೆ. ಗಿರಿಜವ್ವ ನನ್ನ ಸೆರಗು ಜಗ್ಗಿದಳು. "ಬಿಡ್ರಿ ಶಾರದಕ್ಕಾರ. ಸಿಟ್ಟಿಗೇಳಾಕ ಹತ್ತಿದ್ರ ನಮಗ ದಿನಾ ಅದ ಒಂದ ಕೆಲಸ ಆಕ್ಕೈತಿ."

ಕೌದಿಯನ್ನು ಆಕೆ ಅಂಚಿನಿಂದ ಹೊಲಿಯುತ್ತ, ಸುತ್ತಿ ಸುತ್ತಿ ನಡುವಿಗೆ ಬರುತ್ತಿದ್ದಳು. ನಡುವಿನ ಗೇಣಗಲ ಜಾಗಕ್ಕೆ ಹೊಟ್ಟೆ ಎನ್ನುತ್ತಿದ್ದಳು. ಅದನ್ನು ಮುಚ್ಚುವ ಮುಂಚೆ ಒಳಗೊಂದು ರೊಟ್ಟಿಯ ಚೂರು ಇಡಲೇಬೇಕು. "ಕೌದಿ ಹಸಗೊಂಡ ಇರಬಾರದ್ರಿ. ಹಸದ ಕೌದಿ ಹೊಚಗೊಂಡಾವಗ ನಿದ್ದಿ ಹತ್ತೂದಿಲ್ಲ." ಗಣಪತಿಯ ಮದುವೆಗೆಂದು ಒಂದು ಕೌದಿಯನ್ನು ಬಹಳ ಮುತುವರ್ಜಿಯಿಂದ ಹೊಲಿಯುತ್ತಿದ್ದಳು. ಅತ್ತೆಯ ಇಳಕಲ್ ಸೀರೆ, ಗಂಡನ ಧೋತರ, ಗಣಪತಿಯ ಸಾಲಿ ಅಂಗಿ ಎಲ್ಲ ಅದರಲ್ಲಿದ್ದವು. ಹೊಟ್ಟೆ ಮುಚ್ಚುವುದೊಂದು ಬಾಕಿ ಇತ್ತು.

ಮಗನಿಗೆ ಆಕೆ ಹಾಕಿದ್ದು ಒಂದೇ ಕಟ್ಟಳೆ: ದುಡಿಯಲಿಕ್ಕೆ ಎಲ್ಲಿಗಾದರೂ ಹೋಗು, ಕಡಲ ಕಡೆ ಹೋಗಬೇಡ. "ನಮ್ಮ ಹಿರಿಯಾರನ್ನ ಹಡಗನ್ಯಾಗ ತಂದು, ದನಾ ಮಾರಿದಂಗ ಮಾರಿದ್ರಂತ್ರಿ. ಒಂದಿನ ಕಡಲಿಗೆ ಬೆನ್ನ ಮಾಡಿ ಘಟ್ಟಾ ಹತ್ತಿ ಓಡಿ ಬಂದ್ರಂತ. ಹೊಳ್ಳಿ ಅತ್ತಾಗ ಯಾಕ ಹೋಗೂದು?" ಗಣಪತಿ ಈ ಕಾಲದ ಹುಡುಗ. ಮದುವೆಯ ಖರ್ಚಿಗೆಂದು ಬೇರೆ ರಾಜ್ಯದ, ಕಡಲ ದಂಡೆಯ ಒಂದು ಪಟ್ಟಣದ ಗೋದಾಮಿಗೆ ಹಮಾಲಿ ಕೆಲಸಕ್ಕೆ ಹೋಗಿಯೇಬಿಟ್ಟ.

ಅಲ್ಲಿ ಅವನ ಜೊತೆ ಖೋಲಿಯಲ್ಲಿದ್ದ ಹಾನಗಲ್ಲಿನ ಹುಡುಗನಿಂದ ನನ್ನ ಅಂಗಡಿಗೆ ಫೋನು ಬಂತು. ಪರವಾನಗಿ ಇಲ್ಲದೆ ಉಳಿದ ಪರದೇಶದವರನ್ನು ಹುಡುಕುತ್ತ ಬಂದ ಪೊಲೀಸರು ಗಣಪತಿಯನ್ನು ಹಿಡಿದುಕೊಂಡು ಹೋಗಿದ್ದರು. ಶಿಗ್ಗಾಂವಿ ತಾಲೂಕಿನವನು ಎಂದು ಕನ್ನಡದಲ್ಲಿ ಹೊಯ್ಕೊಂಡರೆ, "ಭಾಷಾ ಚಲೋ ಕಲಿತಾನ" ಎಂದರಂತೆ. ಗುರುತಿನ ಕಾರ್ಡು ತೋರಿಸಿದರೆ ಖೊಟ್ಟಿ, ನಕಲಿ ಎಂದರಂತೆ.

ರೇಷನ್ ಕಾರ್ಡು, ಸಾಲಿ ದಾಖಲೆ ಎಲ್ಲ ಹಿಡಿದು ಇಬ್ಬರೂ ಹೊರಟೆವು. ಬಸ್ಸಿಗೆ ಬರುವಾಗ ಗಿರಿಜವ್ವನ ತಲೆಯ ಮೇಲೆ ಆ ಕೌದಿಯ ಗಂಟು! "ಅದ್ಯಾಕ ಬೇ, ಹುಚ್ಚಿ?" ಎಂದು ಗದರಿದೆ.

"ಕಾಗದ ಖೊಟ್ಟಿ ಆಗಬಹುದ್ರಿ. ಕೌದಿ ಹೆಂಗ ಖೊಟ್ಟಿ ಆಕ್ಕೈತಿ?"

ಸಾಹೇಬರು ಕಾಗದ ತಿರುವಿ ಹಾಕಿ, ನಿಮ್ಮ ಜಿಲ್ಲೆಗೆ ಬರೆಯುತ್ತೇವೆ, ಜವಾಬು ಬರಬೇಕು ಎಂದರು. ಆಗ ಆಕೆ ಠಾಣೆಯ ನೆಲದ ಮೇಲೆ ಕೌದಿ ಹಾಸಿ ಮೊಳಕಾಲೂರಿದಳು. "ಸಾಹೇಬ್ರ, ಇದು ನಮ್ಮತ್ತಿ ಸೀರಿ. ಇದು ಇವರಪ್ಪನ ಧೋತರ. ಇದನ್ನ ತೊಟ್ಟು ಸಾಲಿಗೆ ಹೋಗ್ಯಾನ್ರಿ. ಇಳಕಲ್ ಸೀರಿ ಉಟ್ಟಾಕಿ ಮೊಮ್ಮಗ ಪರದೇಶದಾವ ಹೆಂಗ ಆದಾನ್ರಿ?" ನಾನು ಹರಕು ಮುರುಕು ಹಿಂದಿಯಲ್ಲಿ ಹೇಳಿದೆ. ಸಾಹೇಬರು, ಇದಕ್ಕೆ ಸರಕಾರಿ ಸಿಕ್ಕಾ ಎಲ್ಲಿದೆ ಅಮ್ಮಾ, ಎಂದರು. ಆಕೆ ಕೈ ಮುಗಿದುಕೊಂಡೇ ಅಂದಳು: "ನಮ್ಮನ್ನ ಮಾರೂ ಮುಂದ ಯಾರೂ ಕಾಗದ ಕೇಳಲಿಲ್ರಿ. ಈಗ ಮಗನ್ನ ಮನಿಗೆ ಕರಕೊಂಡ ಹೋಗಾಕ ಕೇಳ್ತೀರಿ." ಇದನ್ನು ಹಿಂದಿಯಲ್ಲಿ ಹೇಳಲು ನನಗೆ ಆಗಲಿಲ್ಲ. ಅಳುತ್ತ ಕನ್ನಡದಲ್ಲೇ ಬೈದೆ.

ಗಣಪತಿಯನ್ನು ಜಾಲರಿಯ ಆಚೆಯಿಂದ ತೋರಿಸಿದರು. ಕೆನ್ನೆ ಒಳಗೆ ಹೋಗಿದ್ದವು. "ರೊಟ್ಟಿ ತಂದಿಯೇನಬೇ?" ಎಂದ. ತಂದಿದ್ದಳು, ಆದರೆ ಒಳಗೆ ಕೊಡಲು ಬಿಡಲಿಲ್ಲ.

ಊರಿಗೆ ಬಂದ ಮೇಲೆ ಗಿರಿಜವ್ವ ನಗುವುದನ್ನು ಬಿಟ್ಟಳು. ಶಿಗ್ಗಾಂವಿಯ ಕಚೇರಿಗೆ ಎಡತಾಕಿದಳು. ಮೇಲಿನಿಂದ ಬರಬೇಕು ಎನ್ನುವರು. ಮೇಲೆ ಕೇಳಿದರೆ ಕೆಳಗಿನಿಂದ ಬರಬೇಕು ಎನ್ನುವರು. ಪರಿಚಯದ ವಕೀಲರು ಸಮಾಧಾನ ಮಾಡಲಿಕ್ಕೆ, "ಕಾಯ್ದೆ ಎಲ್ಲಾರಿಗೂ ಒಂದ ಐತೆವ್ವಾ, ಕಾಳಜಿ ಮಾಡಬ್ಯಾಡ" ಎಂದರು.

"ಅದ ಖೋಲ್ಯಾಗ ಹಾನಗಲ್ಲ ಹುಡುಗನೂ ಇದ್ದನಲ್ರೀ" ಎಂದಳು ಆಕೆ. "ಅವನ್ನ ಕಾರ್ಡ ಸೈತ ಕೇಳಲಿಲ್ಲ." ವಕೀಲರು ಮೇಜಿನ ಮೇಲಿನ ಪೆನ್ನು ಎತ್ತಿ ಮತ್ತೆ ಅಲ್ಲೇ ಇಟ್ಟರು.

ಬರಬರುತ್ತ ಆಕೆ ಊಟ ಬಿಟ್ಟಳು. ಮಗ ಹಸಿದಿರುವಾಗ ತನಗೆ ತುತ್ತು ಇಳಿಯುವುದಿಲ್ಲ ಎನ್ನುವಳು. ಕೊನೆಗೆ ಹುಬ್ಬಳ್ಳಿಯ ದವಾಖಾನೆಗೆ ಸೇರಿಸಿದೆವು. ಅಲ್ಲಿ ಹೊಸ ನರ್ಸ್ ಹುಡುಗಿ, ಕೆಟ್ಟ ಮನಸ್ಸಿನವಳೇನಲ್ಲ, ನನ್ನನ್ನು ಕೇಳಿದಳು: "ಇವರು ಯಾವ ದೇಶದವರ್ರೀ?"

ನಾನು ಗಿರಿಜವ್ವನ ಮುಖ ನೋಡಿದೆ. ತಡಸ ದೇಶ ಅನ್ನಲಿ, ಒಮ್ಮೆ ನಗಲಿ ಎಂದು ದೇವರಿಗೆ ಕೈ ಮುಗಿದೆ. ಆಕೆ ನಗಲಿಲ್ಲ. ನರ್ಸು ಹೋದ ಮೇಲೆ ನನ್ನ ಕೈ ಹಿಡಿದುಕೊಂಡು ಮೆಲ್ಲಗೆ ಕೇಳಿದಳು:

"ಶಾರದಕ್ಕಾರ, ಖರೇ ಹೇಳ್ರಿ. ನಾವು ಇಲ್ಲಿಯವರ ಹೌದಲ್ರೀ?"

"ಹೌದ ಬೇ! ನನಗಿಂತಾ ಹೌದು!" ಎಂದು ಚೀರಿದೆ. ವಾರ್ಡಿನವರೆಲ್ಲ ತಿರುಗಿ ನೋಡಿದರು.

"ಹಂಗಾದ್ರ ಅವರಿಗ್ಯಾಕ ಗೊತ್ತಿಲ್ಲ?"

ಬೆಳಗಾಗುವಷ್ಟರಲ್ಲಿ ಆಕೆ ಹೋಗಿಬಿಟ್ಟಿದ್ದಳು.

ಗಣಪತಿಯನ್ನು ಬಿಟ್ಟದ್ದು ಅವಳನ್ನು ಮಣ್ಣು ಮಾಡಿದ ಮೇಲೆ. ಭಾರತದವನೇ ಎಂದು ಬರೆದುಕೊಟ್ಟರು. ಕೌದಿಯನ್ನೂ ಒಂದು ಚೂರು ರೊಟ್ಟಿಯನ್ನೂ ಅವನ ಮುಂದಿಟ್ಟು, ಹೊಟ್ಟೆ ಮುಚ್ಚಲಿಕ್ಕೆ ನಾನೇ ಸೂಜಿಗೆ ದಾರ ಪೋಣಿಸಿಕೊಟ್ಟೆ. ಅವ್ವ ಕೊನೆಗೆ ಏನಂದಳು ಎಂದು ಕೇಳಿದ. ಇದ್ದದ್ದು ಇದ್ದಂತೆ ಹೇಳಿದೆ. ಅವನು ಸೂಜಿ ನನ್ನ ಕೈಗೆ ವಾಪಸು ಕೊಟ್ಟ.

"ಅವ್ವಗ ಯಾರರ ಜವಾಬು ಕೊಡ್ಲಿ ಅಕ್ಕಾರ. ಆಮ್ಯಾಲೆ ಮುಚ್ಚೂಣು."